ನಿದ್ದೆಗಣ್ಣಿನ ಮಾಲೀಕ ಮತ್ತು ಜಾಣ ಪಿಸ್ತೂಲು

ಮಾನ್ಯ ಅಧ್ಯಕ್ಷರೇ,

ನನ್ನ ಗಂಡ ಸತ್ತಿಲ್ಲ. ಇದೇ ನನ್ನ ದೂರು ಎಂದು ದಯವಿಟ್ಟು ತಪ್ಪು ತಿಳಿಯಬೇಡಿ. ಅವನು ಗಟ್ಟಿಮುಟ್ಟಾಗಿ ಬದುಕಿರುವುದು ನನಗೆ ಸಂತೋಷದ ಸಂಗತಿಯೇ. ಆದರೆ ರಾಜ್ಯದ ಬಂದೂಕು ಸುರಕ್ಷತಾ ಆಯೋಗದ ಅಧ್ಯಕ್ಷರಾದ ತಾವು ಸಹಿ ಹಾಕಿ ಹೊರಡಿಸಿರುವ ನಿಯಮದ ಪ್ರಕಾರ, ಸ್ಮಾರ್ಟ್ ಪಿಸ್ತೂಲಿನ ನೆನಪಿನಿಂದ ಮಾಲೀಕನ ಬೆರಳಚ್ಚನ್ನು ಅಳಿಸಬೇಕಾದರೆ ಆ ಮಾಲೀಕ ತೀರಿಕೊಂಡಿರಬೇಕು. ಬದುಕಿರುವ ಮಾಲೀಕ ತಾನೇ ಬಂದು, "ಸ್ವಾಮಿ, ನನ್ನ ಬೆರಳನ್ನು ಮರೆತುಬಿಡಲು ಈ ಪಿಸ್ತೂಲಿಗೆ ಹೇಳಿ" ಎಂದು ಬೇಡಿಕೊಂಡರೂ ಆಗುವುದಿಲ್ಲ. ಹೀಗಾಗಿ ನಾನೀಗ ಒಂದು ವಿಚಿತ್ರ ಸ್ಥಿತಿಯಲ್ಲಿದ್ದೇನೆ. ನನ್ನ ಮನೆ ಸುರಕ್ಷಿತವಾಗಬೇಕಾದರೆ ಮೊದಲು ನಾನು ವಿಧವೆಯಾಗಬೇಕು. ಸುರಕ್ಷತೆಯ ಹೆಸರಿನಲ್ಲಿರುವ ಆಯೋಗದಿಂದ ಇಂಥ ಸಲಹೆ ಬರುತ್ತದೆಂದು ನಾನು ಎಣಿಸಿರಲಿಲ್ಲ.

ನನ್ನ ಗಂಡ ಆರ್ವಿಡ್ ಲಾಹ್ಟಿ ಚಳಿಗಾಲದಲ್ಲಿ ಕೌಂಟಿಯ ಹಿಮ ತೆಗೆಯುವ ಲಾರಿ ಓಡಿಸುತ್ತಾನೆ. ಊರೆಲ್ಲ ಮಲಗಿದ ಮೇಲೆ ಅವನ ಕೆಲಸ ಶುರು. ಊರು ಏಳುವ ಹೊತ್ತಿಗೆ ಅವನು ಹಾಸಿಗೆ ಸೇರುತ್ತಾನೆ. ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಮೂರು ಚಳಿಗಾಲಗಳ ಹಿಂದೆ, ಅವನು ಕೆಲಸಕ್ಕೆ ಹೋಗಿದ್ದಾಗ, ಯಾರೋ ನಮ್ಮ ಹಿಂಬಾಗಿಲು ಒಡೆದು ಒಳಗೆ ಬಂದಿದ್ದರು. ಹೆಚ್ಚೇನೂ ಒಯ್ಯಲಿಲ್ಲ. ಆದರೆ ನಾನು ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಟಬ್ಬಿನೊಳಗೆ ಮುದುಡಿ ಕೂತು, ಅಡುಗೆಮನೆಯಲ್ಲಿ ಬೇರೆಯವರ ಬೂಟಿನ ಸದ್ದು ಕೇಳಿಸಿಕೊಂಡೆ. ಆ ಸದ್ದು ಒಮ್ಮೆ ಕಿವಿಗೆ ಬಿದ್ದರೆ ಮನೆ ಮತ್ತೆ ಮೊದಲಿನ ಮನೆಯಾಗಲು ಬಹಳ ಕಾಲ ಬೇಕು. ಹಾಗಾಗಿ ಪಿಸ್ತೂಲು ಬೇಕೆಂದವಳು ನಾನೇ, ಆರ್ವಿಡ್ ಅಲ್ಲ.

ಸ್ಮಾರ್ಟ್ ಪಿಸ್ತೂಲೇ ಇರಲಿ ಎಂದವನು ಆರ್ವಿಡ್. ಅವನು ಬಂದೂಕಿನ ವಿಷಯದಲ್ಲಿ ಅರ್ಧ ಪಾದ್ರಿ ಇದ್ದ ಹಾಗೆ. ಊರಿನ ಮಕ್ಕಳಿಗೆ ಬೇಟೆಯ ಸುರಕ್ಷತೆಯ ಪಾಠವನ್ನು ಶನಿವಾರ ಶನಿವಾರ ಪುಕ್ಕಟೆಯಾಗಿ ಹೇಳಿಕೊಡುವವನು. ಕಳ್ಳ ಕದ್ದೊಯ್ದರೂ ಹಾರದ, ಮಗು ಮುಟ್ಟಿದರೂ ಹಾರದ, ತನ್ನವರ ಬೆರಳಿಗೆ ಮಾತ್ರ ಓಗೊಡುವ ಪಿಸ್ತೂಲು ಎಂದು ಕೇಳಿ ಅವನಿಗೆ ಹೊಸ ಟ್ರ್ಯಾಕ್ಟರ್ ನೋಡಿದಷ್ಟು ಖುಷಿಯಾಯಿತು. ಅಂಗಡಿಯ ಹಾರ್ಲನ್ ಮಾತ್ರ ಮುಖ ಕಿವುಚಿದ. ನಮ್ಮೂರಿನಲ್ಲಿ ಬಂದೂಕು ಮಾರುವವನು ಅವನೊಬ್ಬನೇ. ಅವನಿಗೆ ಕಾಫಿ ಮಾಡುವ ಯಂತ್ರದ ಮೇಲೂ ನಂಬಿಕೆಯಿಲ್ಲ.

"ಬಂದೂಕಿಗೆ ಬ್ಯಾಟರಿ ಹಾಕೋದಾ? ನಾಳೆ ಕಳ್ಳ ಬಂದಾಗ ಏನಂತೀಯ, ಸ್ವಲ್ಪ ನಿಲ್ಲಪ್ಪ, ಚಾರ್ಜ್ ಆಗ್ಲಿ ಅಂತೀಯಾ?"

"ನಿನ್ನ ಹೃದಯದಲ್ಲೂ ಬ್ಯಾಟರಿ ಇದೆಯಲ್ಲ ಹಾರ್ಲನ್, ಹೋದ ವರ್ಷ ಡಾಕ್ಟ್ರು ಹಾಕಿದ್ದು. ಅದು ಚೆನ್ನಾಗೇ ನಡೀತಿದೆಯಲ್ಲ!" ಎಂದ ಆರ್ವಿಡ್.

ಹಾರ್ಲನ್ ಎದೆ ಮುಟ್ಟಿ ನೋಡಿಕೊಂಡು ಪಿಸ್ತೂಲು ತರಿಸಿಕೊಟ್ಟ.

ಮಾಲೀಕನೆಂದು ಆರ್ವಿಡ್‌ನ ಬೆರಳು ಮೊದಲು, ಆಮೇಲೆ ನನ್ನ ಬೆರಳು. ಹಿಡಿದರೆ ಹಸಿರು ದೀಪ. ಬೇರೆ ಯಾರು ಹಿಡಿದರೂ ಕೆಂಪು. ಹಾರ್ಲನ್ ಹೆದರಿದ ಹಾಗೆ ಅದು ಒಮ್ಮೆಯೂ ಕೈಕೊಡಲಿಲ್ಲ. ಕೈಗೆ ಹಿಟ್ಟು ಮೆತ್ತಿಕೊಂಡಿದ್ದಾಗಲೂ ನನ್ನ ಗುರುತು ಹಿಡಿಯಿತು. ನನ್ನ ನಾದಿನಿಯೇ ಕೆಲವೊಮ್ಮೆ ಗುರುತು ಹಿಡಿಯುವುದಿಲ್ಲ. ಅಧ್ಯಕ್ಷರೇ, ಯಂತ್ರದ ಮೇಲೆ ನನ್ನದೇನೂ ದೂರಿಲ್ಲ ಎಂಬುದನ್ನು ಇಲ್ಲೇ ಸ್ಪಷ್ಟಪಡಿಸುತ್ತೇನೆ. ಅದು ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ತೊಂದರೆ ಶುರುವಾದದ್ದೇ ಅಲ್ಲಿ.

ಹಗಲು ನಿದ್ದೆ ಹತ್ತುವುದಿಲ್ಲ ಎಂದು ಆರ್ವಿಡ್‌ಗೆ ಡಾಕ್ಟರು ಒಂದು ಮಾತ್ರೆ ಕೊಟ್ಟರು. ಮಾತ್ರೆ ಕೆಲಸ ಮಾಡಿತು. ಆದರೆ ಅವನನ್ನು ಮಲಗಿಸಿತೇ ಹೊರತು ಸುಮ್ಮನಿರಿಸಲಿಲ್ಲ. ಅವನು ನಿದ್ದೆಯಲ್ಲಿ ನಡೆಯತೊಡಗಿದ. ಮೊದಲು ಸಣ್ಣಪುಟ್ಟ ಕೆಲಸಗಳು: ಟೋಸ್ಟರನ್ನು ಅಂಚೆಪೆಟ್ಟಿಗೆಯಲ್ಲಿಟ್ಟು ಬಂದ, ನನ್ನ ಮಳೆಕೋಟು ತೊಟ್ಟು ಸೋಫಾದ ಸುತ್ತ ಹಿಮ ಗುಡಿಸಿದ. ಎದುರುಮನೆಯ ಡೆಲೋರಿಸ್ ಪೆಲ್ಟಿಯರ್ ಒಂದು ಮಧ್ಯಾಹ್ನ ಶಾಲೆಗೇ ಫೋನ್ ಮಾಡಿದಳು. ಡೆಲೋರಿಸ್ ಗಂಡ ಸತ್ತ ಮೇಲೆ ಒಬ್ಬಳೇ ಇರುವ, ಹಬ್ಬಕ್ಕೊಂದರಂತೆ ಗಾಳಿ ತುಂಬಿದ ದೈತ್ಯ ಬೊಂಬೆಗಳನ್ನು ಅಂಗಳದಲ್ಲಿ ನಿಲ್ಲಿಸುವ ಗಟ್ಟಿಗಿತ್ತಿ.

"ಗ್ಲೆಂಡಾ, ನಿನ್ನ ಗಂಡ ನನ್ನ ಅಂಗಳದ ಎಲೆ ಗುಡಿಸ್ತಿದಾನೆ ಕಣೇ. ಕಣ್ಣು ಮುಚ್ಕೊಂಡು."

"ಅಯ್ಯೋ, ತಡಿ, ಈಗ್ಲೇ ಬರ್ತೀನಿ!"

"ಬರ್ಬೇಡ, ಬರ್ಬೇಡ. ಇನ್ನೂ ಅರ್ಧ ಅಂಗಳ ಬಾಕಿ ಇದೆ."

ನಾವು ನಕ್ಕೆವು. ಊರೇ ನಕ್ಕಿತು. ಆರ್ವಿಡ್ ಎಲ್ಲರಿಗಿಂತ ಜೋರಾಗಿ ನಕ್ಕ. ಪಿಸ್ತೂಲು ಉಕ್ಕಿನ ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆಗೆ ಅಂಕಿ ತಿರುಗಿಸುವ ಬೀಗವಿತ್ತು. ಆ ಅಂಕಿ ನಮ್ಮ ಮದುವೆಯ ತಾರೀಖು. ಎಚ್ಚರವಿದ್ದಾಗ ಆರ್ವಿಡ್‌ಗೆ ಅದು ಒಂದು ವರ್ಷವೂ ನೆನಪಾದದ್ದಿಲ್ಲವಾದ್ದರಿಂದ ನಾನು ನಿಶ್ಚಿಂತೆಯಿಂದಿದ್ದೆ.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ ಶಾಲೆಗೆ ರಜೆ. ನಾನು ಅಡುಗೆಮನೆಯಲ್ಲಿ ಕುಂಬಳಕಾಯಿ ಪೈಗೆ ಹಿಟ್ಟು ಲಟ್ಟಿಸುತ್ತಿದ್ದೆ. ಎದುರು ಅಂಗಳದಲ್ಲಿ ಡೆಲೋರಿಸ್‌ಳ ಆ ವರ್ಷದ ಬೊಂಬೆ ಎದ್ದು ನಿಂತಿತ್ತು: ಹಬ್ಬದೂಟಕ್ಕೆ ಬೇಯಿಸುವ ಟರ್ಕಿ ಕೋಳಿ, ಎರಡಾಳೆತ್ತರದ್ದು, ತಲೆಗೆ ಟೊಪ್ಪಿಗೆ, ಮುಖದ ಮೇಲೆ ಒಂದು ಥರದ ಕೊಂಕುನಗೆ. ಢಂ ಎಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಆರ್ವಿಡ್ ಬಚ್ಚಲ ನಿಲುವಂಗಿ ತೊಟ್ಟು, ಬರಿಗಾಲಲ್ಲಿ, ಮುಂಬಾಗಿಲ ಜಗಲಿಯ ಮೇಲೆ ನಿಂತಿದ್ದ. ಕೈಯಲ್ಲಿ ಪಿಸ್ತೂಲು, ಪಿಸ್ತೂಲಿನಲ್ಲಿ ಹಸಿರು ದೀಪ. ಎದುರಿನ ಟರ್ಕಿ ಉಸ್ಸೆಂದು ನಿಧಾನವಾಗಿ ಕುಸಿಯುತ್ತಿತ್ತು.

"ದಾರಿ ಬಿಡು ಅಂದ್ರೆ ಬಿಡ್ಲಿಲ್ಲ. ನನ್ನನ್ನೇ ನೋಡ್ತಾ ನಿಂತಿತ್ತು" ಎಂದ ಆರ್ವಿಡ್, ನಿದ್ದೆಯಲ್ಲೇ, ಬಹಳ ಸಮಾಧಾನದಿಂದ. ಲಾರಿಯ ಗದ್ದಲದಲ್ಲಿ ಪಳಗಿದ ಕಿವಿ. ಗುಂಡಿನ ಸದ್ದಿಗೂ ಎಚ್ಚರವಾಗಿರಲಿಲ್ಲ. ನಾನು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪಿಸ್ತೂಲು ತೆಗೆದುಕೊಂಡೆ. ಅವನು ಒಳಗೆ ಹೋಗಿ ಮಲಗಿದ. ಎಚ್ಚರದಲ್ಲಿ ಒಮ್ಮೆಯೂ ನೆನಪಾಗದ ಮದುವೆಯ ತಾರೀಖು ನಿದ್ದೆಯಲ್ಲಿ ನೆನಪಾಗಿತ್ತು.

ಆಗ ಎದುರು ಅಂಗಳದಲ್ಲಿ, ಕುಸಿದ ಬಟ್ಟೆಯ ರಾಶಿಯ ಅಡಿಯಲ್ಲಿ, ಏನೋ ಮಿಸುಕಾಡಿತು.

ಅಧ್ಯಕ್ಷರೇ, ಇಲ್ಲಿಯವರೆಗೆ ತಾವು ನಕ್ಕಿದ್ದರೆ ತಪ್ಪಿಲ್ಲ. ಆದರೆ ನಾನು ರಸ್ತೆ ದಾಟಿದ ಆ ಹೊತ್ತಿನ ಬಗ್ಗೆ ನನಗೆ ಇನ್ನೂ ನಗಲು ಬರುವುದಿಲ್ಲ. ಟರ್ಕಿಯ ಹಿಂದೆ ಮಂಡಿಯೂರಿ ಕೂತು ಡೆಲೋರಿಸ್ ಅದರ ಗೂಟ ಬಡಿಯುತ್ತಿದ್ದಳು. ಗುಂಡು ಟರ್ಕಿಯ ಎದೆ ಹೊಕ್ಕು, ಅವಳ ತಲೆಯ ಮೇಲಿಂದ ಹಾದು, ಮೆಟ್ಟಿಲ ಪಕ್ಕದ ಬಿರ್ಚ್ ಮರದಲ್ಲಿ ಹೂತುಹೋಗಿತ್ತು. ಅವಳು ಎದ್ದು ನಿಂತು ಕೆಲಸ ಮಾಡುತ್ತಿದ್ದರೆ? ನಾನು ಬಟ್ಟೆ ಎಳೆಯುತ್ತಾ ಅವಳ ಹೆಸರು ಕೂಗುತ್ತಿದ್ದೆ. ಒಳಗಿನಿಂದ ಬಂದ ಮೊದಲ ಮಾತನ್ನು ಪತ್ರಿಕೆಯವರು ಅಚ್ಚು ಹಾಕಲಾರರು. ಎರಡನೆಯದು ಇದು:

"ಯಾವ ಬೇಕೂಫ ನನ್ನ ಟರ್ಕಿಗೆ ಗುಂಡು ಹೊಡೆದೋನು?"

ನಾನು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅವಳ ಕೂದಲ ತುಂಬ ನನ್ನ ಕೈಯ ಹಿಟ್ಟು.

ಆರ್ವಿಡ್ ಎದ್ದಮೇಲೆ ಅವನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಡೆಲೋರಿಸ್ ಕೂಡ ಪಕ್ಕದಲ್ಲೇ ಕೂತಳು, ತಾನು ಬದುಕಿರುವುದಕ್ಕೆ ಸಾಕ್ಷಿಯಾಗಿ. ಅವನು ಕಾಫಿಯ ಲೋಟ ಹಿಡಿದವನು ಹಾಗೇ ಹಿಡಿದುಕೊಂಡಿದ್ದ. "ಗುರಿಯ ಹಿಂದೆ ಏನಿದೆ ಅಂತ ನೋಡ್ದೆ ಹೊಡೀಬಾರ್ದು ಅಂತ ಆ ಮಕ್ಕಳಿಗೆ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ" ಎಂದ.

"ನೀನೆಲ್ಲಿ ನೋಡೋದು, ಕಣ್ಣು ಮುಚ್ಚಿತ್ತಲ್ಲ" ಎಂದಳು ಡೆಲೋರಿಸ್. "ಕಣ್ಣು ಮುಚ್ಕೊಂಡು ಅಷ್ಟು ನೇರ ಹೊಡೆದಿದೀಯ. ಬಿಟ್ಕೊಂಡಿದ್ದಾಗ ಹೋದ ವರ್ಷ ಒಂದು ಜಿಂಕೇನೂ ಬೀಳಿಸ್ಲಿಲ್ಲ."

ಅವನು ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. ಮುಂದಿನ ಶನಿವಾರದ ಪಾಠದಲ್ಲಿ ಮಕ್ಕಳ ಮುಂದೆ ನಿಂತು ಇಡೀ ಕತೆಯನ್ನು ತಾನೇ ಹೇಳಿದ. ಡಾಕ್ಟರು ಮಾತ್ರೆ ಬದಲಿಸಿದರು. ನಡೆದಾಟ ಕಡಿಮೆಯಾಯಿತು, ನಿಲ್ಲಲಿಲ್ಲ. ನಾನು ಬೀಗದ ಅಂಕಿ ಬದಲಿಸಿದೆ. ಪೆಟ್ಟಿಗೆ ತೆರೆಯಲಾಗದೆ ಅವನು ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗಿ ಫ್ರಿಜ್ಜಿನಲ್ಲಿ ಹಾಲಿನ ಪಕ್ಕದಲ್ಲಿಟ್ಟಿದ್ದ. ಹಳೆಯ ಅಂಕಿ ನಿದ್ದೆಯಲ್ಲಿ ಹೊಳೆದವನಿಗೆ ಹೊಸದೂ ಒಂದು ದಿನ ಹೊಳೆದೀತು ಎಂಬ ಭಯ ನನಗೆ. ಹಗಲು ಪಿಸ್ತೂಲನ್ನು ನನ್ನ ಜೊತೆ ಒಯ್ಯೋಣವೆಂದರೆ ಶಾಲೆಯ ಆವರಣಕ್ಕೆ ಬಂದೂಕು ತರುವಂತಿಲ್ಲ, ಅದು ಸರಿಯಾದ ಕಾನೂನೇ. ಆಗ ಆರ್ವಿಡ್ ಹೇಳಿದ: "ಸುಮ್ನೆ ನನ್ನ ಬೆರಳು ಅಳಿಸಿಬಿಡೋಣ ಕಣೇ. ನಿನ್ನದೊಂದೇ ಇರ್ಲಿ. ಹಾಗಾದ್ರೆ ನಾನು ಹಿಡಿದ್ರೂ ಅದು ಬರೀ ಕಬ್ಬಿಣ."

ಎಷ್ಟು ಸರಳ! ಬೆರಳು ಸೇರಿಸಬಲ್ಲ ಯಂತ್ರಕ್ಕೆ ಬೆರಳು ಕಳೆಯುವುದು ದೊಡ್ಡದೇ? ಹಾರ್ಲನ್ ತನ್ನಿಂದಾಗದು, ಆಯೋಗದ ಅನುಮತಿ ಬೇಕು ಎಂದ. ನಾನು ತಮ್ಮ ಕಚೇರಿಗೆ ಫೋನ್ ಮಾಡಿದೆ. ಬಹಳ ಮರ್ಯಾದಸ್ಥ ಅಧಿಕಾರಿಯೊಬ್ಬರು ಸಿಕ್ಕರು.

"ಮಾಲೀಕರು ತೀರಿಕೊಂಡಿದ್ದಾರಾ ಮೇಡಂ?"

"ಇಲ್ಲ, ಮಲಗಿದಾರೆ."

"ತೀರಿಕೊಂಡಿದ್ರೆ ಅಳಿಸೋಕೆ ಅವಕಾಶ ಇದೆ. ಮಲಗಿರೋರಿಗೆ ಇಲ್ಲ."

"ಅವರೇ ಬೇಡ ಅಂತಿದಾರೆ ಸರ್."

"ನಾಳೆ ಬೇಕು ಅಂದ್ರೆ? ಮಾಲೀಕರ ಹಕ್ಕು ಕಾಪಾಡೋದು ನಮ್ಮ ಕರ್ತವ್ಯ ಮೇಡಂ. ಎಷ್ಟೋ ಹೆಂಡತಿಯರು ಗಂಡಂದಿರ ಬೆರಳು ಅಳಿಸೋಕೆ ನೋಡ್ತಾರೆ."

ಹಾಗಾದರೆ ಪಿಸ್ತೂಲನ್ನೇ ನನ್ನ ಹೆಸರಿಗೆ ಮಾಡಿಕೊಡಲಿ ಎಂದೆ. ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದರೆ ಇಬ್ಬರೂ ಸೇರಿ ಒಬ್ಬ ಮಾಲೀಕರಂತೆ. ಒಬ್ಬರು ತಮಗೆ ತಾವೇ ಮಾರಿಕೊಳ್ಳಲು ಬರುವುದಿಲ್ಲವಂತೆ. ವಿಚ್ಛೇದನವಾದರೆ ಆಗುತ್ತದೆ ಎಂದೂ ತಿಳಿಸಿದರು. ಅಷ್ಟರಲ್ಲಿ ಎದ್ದು ಬಂದು ಸ್ಪೀಕರಿನಲ್ಲಿ ಕೇಳುತ್ತಿದ್ದ ಆರ್ವಿಡ್ ಗಾಬರಿಯಾಗಿ, "ಹಾಗಾದ್ರೆ ಪಿಕಪ್ ಗಾಡಿ ಯಾರಿಗೆ?" ಎಂದ. ಆಮೇಲೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಒಂದಿಷ್ಟೂ ದನಿ ಏರಿಸದೆ ಅವರಿಗೆ ಹೇಳಿದ: "ನೋಡಿ ಸರ್, ಪಿಸ್ತೂಲು ನಂದು, ಬೆರಳೂ ನಂದು. ಇಟ್ಕೊಳ್ಳೋ ಹಕ್ಕು ನಂದು ಅಂತೀರಿ. ಬೇಡ ಅನ್ನೋ ಹಕ್ಕು ಯಾರದು?"

ಅಧಿಕಾರಿಗಳು, ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದರು. ಮೇಲಿನವರು ಎಂದರೆ ತಾವು. ಅದಕ್ಕೇ ಈ ಪತ್ರ.

ಈ ನಡುವೆ ಸುದ್ದಿ ಹಬ್ಬಿ, ಸ್ಮಾರ್ಟ್ ಬಂದೂಕಿನ ವಿರೋಧಿಗಳು ತಮ್ಮ ಔತಣಕೂಟಕ್ಕೆ ನನ್ನನ್ನು ಭಾಷಣಕ್ಕೆ ಕರೆದರು: "ಈ ಯಂತ್ರ ಎಂಥ ಮೋಸ ಅಂತ ನೀವೇ ಹೇಳಿ." ಅದು ಮೋಸ ಮಾಡಲಿಲ್ಲವಲ್ಲ, ಒಡೆಯನ ಬೆರಳಿಗೆ ಸರಿಯಾಗಿಯೇ ಹಾರಿತಲ್ಲ ಎಂದೆ. ಆಮೇಲೆ ಅವರು ಕರೆಯಲಿಲ್ಲ. ಬೆಂಬಲಿಗರ ಕಡೆಯ ಹೆಂಗಸೊಬ್ಬಳು ಬಂದು, ಒಳ್ಳೆಯ ಕೆಲಸಕ್ಕೆ ಹೆಸರು ಕೆಡುತ್ತದೆ, ಈ ಕತೆ ಎಲ್ಲೂ ಹೇಳಬೇಡಿ ಎಂದು ಕೈಹಿಡಿದು ಕೇಳಿಕೊಂಡಳು. ಒಂದು ಕಡೆಯವರಿಗೆ ಬಂದೂಕು ಹಾರದಿದ್ದರೆ ಎಂಬ ಭಯ, ಇನ್ನೊಂದು ಕಡೆಯವರಿಗೆ ಅನ್ಯರ ಕೈಯಲ್ಲಿ ಹಾರಿದರೆ ಎಂಬ ಭಯ. ಸ್ವಂತ ಕೈಯನ್ನೇ ನಂಬದ ಮನುಷ್ಯನೊಬ್ಬ ಇರಬಹುದೆಂದು ಇಬ್ಬರಿಗೂ ಹೊಳೆದಿಲ್ಲ. ಬೆರಳು ಯಾರದೆಂದು ಯಂತ್ರ ಹೇಳಬಲ್ಲದು. ಇವತ್ತು ಆ ಬೆರಳನ್ನು ನಂಬಬಹುದೇ ಎಂಬುದನ್ನು ಬೆರಳಿನವನೇ ಹೇಳಬೇಕು. ನಿದ್ದೆಯ ಮಾತು ಬಿಡಿ. ಕುಡಿತಕ್ಕೆ ಬಿದ್ದವನಿರಬಹುದು, ಬದುಕು ಸಾಕೆನಿಸುವಷ್ಟು ದುಃಖದಲ್ಲಿರುವವನಿರಬಹುದು, ಮರೆವು ಶುರುವಾದವನಿರಬಹುದು. ಅಂಥವನು ನೆಟ್ಟಗಿರುವ ಒಂದು ದಿನ, ಧೈರ್ಯ ಮಾಡಿ, ತಾನಾಗಿ ಬಂದು ಕೇಳಿದಾಗ, ಮೊದಲು ಸತ್ತು ಬಾ ಎನ್ನುವುದು ಯಾವ ಸುರಕ್ಷತೆ?

ಸದ್ಯಕ್ಕೆ ನಾವೇ ಒಂದು ದಾರಿ ಕಂಡುಕೊಂಡಿದ್ದೇವೆ. ಬೇರೆ ಮನೆಯವರಿಗೆ ಮಾರಿದರೆ ಹಳೆಯ ಬೆರಳುಗಳೆಲ್ಲ ತಾನಾಗಿ ಅಳಿಯುತ್ತವಂತೆ. ಹಾಗಾಗಿ ಆರ್ವಿಡ್ ಅದನ್ನು ಕಾನೂನುಬದ್ಧವಾಗಿ ಡೆಲೋರಿಸ್‌ಗೆ ಮಾರಿದ. ಬೆಲೆ, ಅವನು ಅವಳಿಗೆ ಕೊಡಿಸಬೇಕಿದ್ದ ಹೊಸ ಟರ್ಕಿಯ ಲೆಕ್ಕಕ್ಕೆ ವಜಾ. ಅವನ ಲಾರಿ ಹೊರಟ ಮೇಲೆ ಅವಳು ತನ್ನ ದಿಂಬು, ಇಸ್ಪೀಟು ಎಲೆ, ಪಿಸ್ತೂಲು ಹಿಡಿದುಕೊಂಡು ನಮ್ಮನೆಗೆ ಬಂದು, ಆಟದಲ್ಲಿ ನನ್ನನ್ನು ಸೋಲಿಸಿ, ನಮ್ಮ ಸೋಫಾದ ಮೇಲೆ ಗೊರಕೆ ಹೊಡೆಯುತ್ತಾಳೆ. ಬೂಟಿನ ಸದ್ದು ನನ್ನ ಕಿವಿಯಿಂದ ಹೋಗಿದೆ. ಅವಳ ಗೊರಕೆಯಲ್ಲಿ ಯಾವ ಸದ್ದೂ ಕೇಳಿಸುವುದಿಲ್ಲ. ಆದರೆ ಎಲ್ಲ ಮನೆಗಳ ಎದುರಿಗೂ ಒಬ್ಬ ಡೆಲೋರಿಸ್ ಇರುವುದಿಲ್ಲ. ಅಂಥವಳನ್ನು ಒದಗಿಸುವ ಅನುದಾನ ತಮ್ಮ ಆಯೋಗದ ಬಳಿ ಇದ್ದರೆ ಈ ಪತ್ರವನ್ನು ಇಲ್ಲೇ ಹರಿದುಹಾಕಿ.

ಇಲ್ಲವಾದರೆ ನಾನು ಕೇಳುವುದು ತುಂಬ ಸಣ್ಣದು. ಹೊಸ ಕಾನೂನು ಬೇಡ, ಹೊಸ ಯಂತ್ರ ಬೇಡ. ತಮ್ಮ ನಿಯಮದಲ್ಲಿ "ಮಾಲೀಕನು ಮೃತಪಟ್ಟಲ್ಲಿ" ಎಂದಿರುವ ಕಡೆ "ಅಥವಾ ತಾನೇ ಬಂದು ಕೇಳಿಕೊಂಡಲ್ಲಿ" ಎಂದು ಸೇರಿಸಿ. ಹೆಂಡತಿಯರ ಮೇಲೆ ಅನುಮಾನವಿದ್ದರೆ ಹೆಂಡತಿಯನ್ನು ಹೊರಗೆ ಕೂರಿಸಿ, ಅವನೊಬ್ಬನನ್ನೇ ಕರೆದು ಕೇಳಿ. ಇದೆಲ್ಲವನ್ನೂ ತಮ್ಮೆದುರು ಹೇಳುವುದಕ್ಕೆ ಆರ್ವಿಡ್ ಬರಲು ಸಿದ್ಧನಿದ್ದಾನೆ. ಹಿಮ ಬೀಳದ ಯಾವ ದಿನ ಹೇಳಿದರೂ ಲಾರಿ ನಿಲ್ಲಿಸಿ ಬರುತ್ತಾನೆ. ಸಂಜೆ ನಾಲ್ಕಕ್ಕೆ ಮೊದಲು ಮಾತ್ರ ಕರೆಯಬೇಡಿ. ಆಗಲೂ ಅವನು ಬರುತ್ತಾನೆ, ಆದರೆ ಬಂದದ್ದು ಅವನಿಗೆ ಗೊತ್ತಿರುವುದಿಲ್ಲ.

ಇಂತಿ,
ವಿಧವೆಯಾಗುವ ಯಾವ ಆತುರವೂ ಇಲ್ಲದ,
ಗ್ಲೆಂಡಾ ಲಾಹ್ಟಿ