ನೀರು, ಕರೆಂಟು, ಒಂದೇ ಕೋಣೆ

ಏಪ್ರಿಲ್ ೯

ಪ್ರೀತಿಯ ಪುಟ್ಟಿಗೆ,

ಅಣ್ಣನ ಆಶೀರ್ವಾದಗಳು. ಉತ್ತರ ತಡವಾಯಿತು. ಬೈಯುವುದಾದರೆ ಮೆಲ್ಲಗೆ ಬೈ. ಈ ಸೆಕೆಗೆ ನನ್ನ ಕಿವಿ ಆಗಲೇ ಕಾದಿದೆ.

ನಮ್ಮ ಕಚೇರಿಯಲ್ಲಿ ಮದುವೆ ನಡೆದಿದೆ. ನೀರಿನ ಇಲಾಖೆಯ ನಮ್ಮನ್ನೂ ವಿದ್ಯುತ್ ಇಲಾಖೆಯವರನ್ನೂ ಒಂದೇ ಕೋಣೆಗೆ ತಳ್ಳಿ, ಇನ್ನು ಮೇಲೆ ಇಬ್ಬರದೂ ಒಂದೇ ಯೋಜನೆ ಎಂದಿದ್ದಾರೆ. ಇರುವುದು ಒಂದು ಫ್ಯಾನು. ಅದರ ಮುಖ ಅವರ ಕಡೆಗೆ. ಅವರು ಆಣೆಕಟ್ಟಿನ ನೀರಿಳಿಸಿ ಕರೆಂಟು ಮಾಡುತ್ತಾರೆ, ನಮ್ಮ ಮೇಡಂ ದಿನಾ ಅವರ ನೀರಿಳಿಸುತ್ತಾರೆ.

ಮೊನ್ನೆ ಎರಡೂ ಕಡೆಯ ಬೇಸಿಗೆ ಯೋಜನೆಗಳನ್ನು ಮೊದಲ ಸಲ ಅಕ್ಕಪಕ್ಕ ಹರಡಿದೆವು.

"ಮಳೆ ಕೈಕೊಟ್ರೆ ಏನ್ಮಾಡ್ತೀರಿ?" ಎಂದರು ಮೇಡಂ.

"ಆಣೆಕಟ್ಟಲ್ಲಿ ನೀರಿರುತ್ತಲ್ಲ, ಟರ್ಬೈನ್ ಓಡಿಸ್ತೀವಿ" ಎಂದರು ವಿದ್ಯುತ್ತಿನ ಇಂಜಿನಿಯರು.

"ಕರೆಂಟ್ ಇರುತ್ತಲ್ಲ, ಬೋರ್‌ವೆಲ್ ಪಂಪ್ ಓಡಿಸ್ತೀವಿ" ಎಂದೆ ನಾನು.

ಅವರು ನೀರನ್ನು ನಂಬಿದ್ದರು, ನಾವು ಅವರ ಕರೆಂಟನ್ನು. ಒಬ್ಬರ ಜೇಬನ್ನು ಇನ್ನೊಬ್ಬರು ನಂಬಿ ಹೋಟೆಲಿಗೆ ಹೊಕ್ಕು ಹೊಟ್ಟೆತುಂಬ ತಿಂದ ಹಾಗೆ!

"ಬಿಲ್ ಬಂತು ಕಣ್ರೀ" ಎಂದರು ಮೇಡಂ. ನಕ್ಕೆವು. ಆದರೆ ಆಣೆಕಟ್ಟು ಈಗಲೇ ತಳ ತೋರಿಸುತ್ತಿದೆ, ಹಳೆಯ ಮಳೆ ಲೆಕ್ಕವೊಂದೂ ಈಗಿನ ಹವೆಗೆ ತಾಳೆಯಾಗುತ್ತಿಲ್ಲ. ಕೊನೆಗೆ, ಇರುವಷ್ಟು ಕರೆಂಟಿನಲ್ಲಿ ಯಾವ ಪಂಪು ಓಡಬೇಕು, ಯಾವುದು ನಿಲ್ಲಬೇಕು ಎಂದು ಒಟ್ಟಿಗೇ ಗೊತ್ತುಮಾಡಿದೆವು. ಹೆಚ್ಚು ಕರೆಂಟು ತಿಂದು ಕಡಿಮೆ ಜನಕ್ಕೆ ನೀರು ಕೊಡುವ ಪಂಪು ಮೊದಲು ನಿಲ್ಲಲಿ ಎಂದವನು ನಾನೇ. ಅದು ಸರಿ ಕೂಡ. ಊಟ ಮಾತ್ರ ಸೇರುತ್ತಿಲ್ಲ.

ಡಯಾಲಿಸಿಸ್ ಹೇಗೆ ನಡೆದಿದೆ? ರಕ್ತ ಸೋಸುವಾಗ ನಿನ್ನ ಸಿಟ್ಟನ್ನೂ ಸೋಸಿಬಿಟ್ಟಾರು, ಹುಷಾರು! ಒಂದು ಮಾತು ಕೇಳು: ಮೇ ತಿಂಗಳಿಗೆ ಗುಡ್ಡ ಇಳಿದು ನಮ್ಮ ಮನೆಗೆ ಬಂದುಬಿಡು. ಇಲ್ಲಿನ ಆಸ್ಪತ್ರೆಯಲ್ಲಿ ನಿನಗೆ ಜಾಗ ಕೇಳಿದ್ದೇನೆ, ಕೊಡುತ್ತಾರೆ. ನಿನ್ನ ಅತ್ತಿಗೆಯಂತೂ, "ಬರ್ಲಿ ಬಿಡಿ, ನಿಮ್ಮ ಜೋಕಿಗೆ ಇನ್ನೊಂದು ಬಲಿ ಸಿಕ್ತು" ಎನ್ನುತ್ತಿದ್ದಾಳೆ.

ನೂರು ವರ್ಷ ನನ್ನನ್ನು ಬೈಯುತ್ತ ಬಾಳು.

ನಿನ್ನ ಅಣ್ಣ

ತಾ.ಕ.: ಮೊದಲು ನಿಲ್ಲುವುದು ನಿಮ್ಮ ಗುಡ್ಡದ ಪಂಪು. ನೀರಿಲ್ಲದೆ ನಿನ್ನ ಯಂತ್ರ ಓಡದು. ಆಸ್ಪತ್ರೆಗೆ ಟ್ಯಾಂಕರ್ ಕಳಿಸುತ್ತೇವೆ ಎಂದು ಯೋಜನೆಯಲ್ಲಿ ಬರೆದಿದ್ದೇವೆ. ಆ ಕಡಿದಾದ ಏರನ್ನು ತುಂಬಿದ ಟ್ಯಾಂಕರ್ ಹತ್ತುತ್ತದೆಂದು ನಾನು ನಂಬಿಲ್ಲ. ಸಭೆಯಲ್ಲಿ ಹೇಳಿದೆ. "ಬೇರೆ ಯಾವ ಪಂಪು ನಿಲ್ಲಿಸೋಣ, ನೀವೇ ಹೇಳಿ" ಎಂದರು ಮೇಡಂ. ಯೋಜನೆಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿ, ಹಾಗೆಯೇ ಬಿಟ್ಟೆ. ನೀನು ಬರುತ್ತೀಯ, ಬರಲೇಬೇಕು. ನಿನ್ನ ಪಕ್ಕದ ಹಾಸಿಗೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವ, ಅಲ್ಲೇ ಉಳಿಯುವ ಆ ದರ್ಜಿ, ಯಾಕಮ್ಮಾ ಹೊರಟೆ ಎಂದು ಕೇಳಿದರೆ ಏನು ಹೇಳುತ್ತೀಯೋ, ನನಗೆ ಹೊಳೆಯುತ್ತಿಲ್ಲ.