ಬೋರಲು ಹಾಕಿದ ಡೋಲು

ಕುಂದಾಪುರ
28-1-2008

ಪ್ರೀತಿಯ ತುಂಗಾ,

ರಜೆ ಸಿಗದೆ ನೀನು ಮಂಗಳೂರಿನ ಆಸ್ಪತ್ರೆಯ ಡ್ಯೂಟಿಯಲ್ಲೇ ಉಳಿದದ್ದು ಒಳ್ಳೆಯದಾಯಿತು. ಬಂದಿದ್ದರೆ ವೇದಿಕೆಯ ಮೇಲಿದ್ದವರಿಗೆಲ್ಲ ಮಂಗಳಾರತಿ ಎತ್ತದೆ ಬಿಡುತ್ತಿರಲಿಲ್ಲ. ನನಗಂತೂ ಎರಡು ದಿನವಾದರೂ ಮೈ ಉರಿ ಇಳಿದಿಲ್ಲ. ಶಾಲೆಯಲ್ಲಿ ಮಕ್ಕಳ ಮೇಲೆ ಸಿಡುಕಿದೆ, ಮನೆಯಲ್ಲಿ ಮೀನು ಸಾರು ತಳ ಹಿಡಿಸಿದೆ.

ಡೋಲುಗುಡ್ಡೆಯ ಸ್ಮಾರಕದ ಉದ್ಘಾಟನೆಗೆ ನಿನ್ನ ಅಪ್ಪನನ್ನು ಹಾಲಾಡಿಯಿಂದ ಜೀಪಿನಲ್ಲಿ ನಾನೇ ಕರೆದುಕೊಂಡು ಹೋದೆ. ನೀನು ಕಳಿಸಿದ ಬಿಳಿ ಅಂಗಿ ಹಾಕಿದ್ದರು, ಮಡಿಲಲ್ಲಿ ಮನೆಯ ಡೋಲು. ದಾರಿಯುದ್ದಕ್ಕೂ ಒಂದೇ ಮಾತು: “ಹೆಣೆ ಜಲಜ, ಸೂರಜ್ಜನ್ ಹೆಸ್ರ್ ಕಲ್ಲಂಗೆ ಯಾವ್ ಬದಿಗಿತ್ತ್? ನಂಗ್ ಓದೂಕ್ ಬತ್ತಿಲ್ಲೆ. ಮುಟ್ಟಿಯಾರೂ ಕಾಂತೆ.”

ಹೆಸರು ಯಾವ ಬದಿಗೂ ಇರಲಿಲ್ಲ ತುಂಗಾ. ಐದು ದೊಡ್ಡ ಮನೆಗಳ ಯಜಮಾನರ ಹೆಸರುಗಳನ್ನು ಚಿನ್ನದ ಬಣ್ಣದಲ್ಲಿ ಕೆತ್ತಿಸಿದ್ದಾರೆ. ಕೊನೆಗೆ ಸಣ್ಣ ಅಕ್ಷರದಲ್ಲಿ ‘ಹಾಗೂ ಗುಡ್ಡದ ಜನರು’. ಬ್ರಿಟಿಷರು ಕಾಡು ಮುಚ್ಚಿ, ಬುಟ್ಟಿ ಹೆಣೆಯುವ ಬಳ್ಳಿ ಕೊಯ್ದರೆ ಸೆರೆ ಎಂದಾಗ ಆ ಐವರಲ್ಲಿ ಒಬ್ಬರೂ ಮನೆಯ ಮೆಟ್ಟಿಲು ಇಳಿದವರಲ್ಲ. ಗುಡ್ಡ ಹತ್ತಿ ಡೋಲು ಬಡಿದು ಕೊರಗರ ಏಳು ಕೇರಿಗಳನ್ನು ಕೂಡಿಸಿದವನು ನಿಮ್ಮ ಸೂರಜ್ಜ. ಸಿಪಾಯಿಯ ಗುಂಡು ಡೋಲನ್ನು ತೂತು ಮಾಡಿಯೇ ಅವನ ಎದೆಗೆ ಹೊಕ್ಕಿದ್ದು. ಅಂದಿನಿಂದ ನಿಮ್ಮ ಮನೆಯವರು ಆ ಗುಡ್ಡದ ಮೇಲೆ ಡೋಲು ಬಡಿಯುವುದಿಲ್ಲ, ಬೋರಲು ಹಾಕಿ ಕೈಮುಗಿಯುತ್ತಾರೆ. ಇಷ್ಟನ್ನೂ ನಿನ್ನ ಅಪ್ಪನ ಬಾಯಿಂದಲೇ ಕೇಳಿ ಬರೆದು ಸಮಿತಿಗೆ ಕೊಟ್ಟಿದ್ದೆ.

ಆದರೂ ಅಧ್ಯಕ್ಷ ಗೋವರ್ಧನ ಬಂದು ನಿನ್ನ ಅಪ್ಪನಿಗೆ ಹೇಳಿದ್ದೇನು ಗೊತ್ತೇ? “ಐತಾ, ಮೆಟ್ಲ್ ಕೆಳ್ಗ್ ನಿತ್ಕೊ. ದೊಡ್ಡೋರ್ ಕಾರ್ ಬಪ್ಪತಿಗೆ ಡೋಲ್ ಜೋರ್ ಬಡಿ.” ಮದುಮಗನನ್ನು ಅಂಗಳದಲ್ಲಿ ನಿಲ್ಲಿಸಿ ಮದುವೆ ಮಾಡುವವರು ಇವರು! ಕೊರಗರನ್ನು ಕಂಡರೆ ಡೋಲು ಬಿಟ್ಟು ಬೇರೇನೂ ನೆನಪಾಗುವುದಿಲ್ಲ. ಸಮಿತಿಯ ಕಾರ್ಯದರ್ಶಿ ಯಾರು, ನನ್ನ ಗಂಡ ರತ್ನಾಕರರೇ ತಾನೆ. ಕೇಳಿದರೆ, “ಕಲ್ಲಂಗೆ ಜಾಗ ಸಾಕಾಯ್ಲಿಲ್ಲೆ” ಅಂದರು. ಐದು ಮನೆತನಗಳ ಬಿರುದು ಬಾವಲಿಗೆ ಜಾಗ ಇತ್ತು, ಎರಡು ಅಕ್ಷರದ ಸೂರನಿಗೆ ಇರಲಿಲ್ಲ. ಅವರೊಂದಿಗೆ ಮಾತು ಬಿಟ್ಟಿದ್ದೇನೆ.

ನಿನ್ನ ಅಪ್ಪ ಮೆಟ್ಟಿಲು ಹತ್ತಿದರು. ಕಲ್ಲಿನ ಮೇಲೆ ಮೇಲಿನಿಂದ ಕೆಳಗಿನವರೆಗೆ ಕೈಯಾಡಿಸಿದರು. ಆಮೇಲೆ ಡೋಲು ಬೋರಲು ಹಾಕಿ ಅದರ ಪಕ್ಕ ಕೂತರು. ಕಾರು ಬಂತು, ಗೋವರ್ಧನ ಕಣ್ಣು ಕೆಂಪಗೆ ಮಾಡಿದ. ಇವರು ಮೆಲ್ಲಗೆ, “ನಾನ್ ಬಡೂಕ್ ಬಂದದ್ದಲ್ಲ. ಅಜ್ಜನ್ನ ಕಾಂಬುಕ್ ಬಂದದ್ದ್” ಅಂದರು. ಭಾಷಣ ಮುಗಿಯುವವರೆಗೂ ಏಳಲಿಲ್ಲ.

ಇಳಿಯುವಾಗ ನನ್ನನ್ನು ಕೇಳಿದರು, “ಹೆಸ್ರ್ ಯಾವ್ದಂದ್ ನೀನ್ ಹೇಳ್ಲಿಲ್ಯಲೆ ಮಗಾ?” ನಾನು ಅವರ ಕೈಯ ಡೋಲು ತೆಗೆದುಕೊಂಡು ಮುಂದೆ ನಡೆದೆ. ನಿನ್ನ ಅಮ್ಮ ಹೆಣೆದ ಬುಟ್ಟಿ ಹೊತ್ತು ತೆಕ್ಕಟ್ಟೆಯ ಮನೆಮನೆಗೆ ಮೀನು ಮಾರಿ ನನ್ನ ಅಮ್ಮ ನನ್ನನ್ನು ಓದಿಸಿದವಳು. ಆ ಓದು ಅವತ್ತು ಯಾವ ಉಪಯೋಗಕ್ಕೂ ಬರಲಿಲ್ಲ.

ಅಪ್ಪನಿಗೆ ಫೋನ್ ಮಾಡು. ಅಂಗಿ ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದಾರೆ.

ನಿನ್ನವಳೇ ಎಂದುಕೊಂಡಿರುವ,
ಜಲಜ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ಕೆತ್ತುವ ಮೊದಲು ಬರಹದ ಕರಡನ್ನು ತಪ್ಪು ನೋಡಲೆಂದು ರತ್ನಾಕರರು ನನ್ನ ಕೈಗೇ ಕೊಟ್ಟಿದ್ದರು. ಸೂರಜ್ಜನ ಹೆಸರಿಲ್ಲದ್ದನ್ನು ಕಂಡೆ. ಮನೆಯಲ್ಲಿ ರಗಳೆ ಬೇಡವೆಂದು ‘ಸರಿಯಾಗಿದೆ’ ಎಂದು ಬರೆದು ಸಹಿ ಹಾಕಿದೆ. ಆ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಕಲ್ಲು ಬದಲಿಸಲು ನೀನು ಯಾರ ಮೇಲೆ ದೂರು ಕೊಟ್ಟರೂ ಮೊದಲ ಹೆಸರು ನನ್ನದಿರಲಿ.