ತಾನಾಗಿ ತೆರೆಯುತ್ತಿದ್ದ ಗೇಟು

ಮಾರ್ಚ್ ೯, ಭಾನುವಾರ ಬೆಳಿಗ್ಗೆ

ನನ್ನ ಗುಂಡುಸೂಜಿಗೆ,

ಅಪ್ಪನ ಆಶೀರ್ವಾದ. ಇಲ್ಲಿ ನಾವಿಬ್ಬರೂ ಉಸಿರಾಡಿಕೊಂಡಿದ್ದೇವೆ, ಅಲ್ಲಿ ನೀವೂ ಅಷ್ಟು ಮಾಡುತ್ತಿದ್ದೀರೆಂದು ನಂಬಿದ್ದೇನೆ. ನಿನ್ನ ಮೂರು ಪತ್ರಗಳಿಗೆ ಒಂದೇ ಉತ್ತರ ಬರೆಯುತ್ತಿದ್ದೇನೆ, ಅದೂ ಆರು ವಾರ ತಡವಾಗಿ. ಇಂಥ ಕಡೆ ಕ್ಷಮಿಸು ಎಂದು ಬರೆಯುವುದು ರೂಢಿ. ಬರೆದಿದ್ದೇನೆ ಎಂದುಕೋ. ಫೋನಿನಲ್ಲೇ ಹೇಳಬಾರದೇ ಎಂದು ಕೇಳಿದ್ದೀಯ. ಫೋನಿನಲ್ಲಾದರೆ ಮೂರನೆಯ ಮಾತಿಗೇ ನೀನು ಅಡ್ಡ ಬಾಯಿ ಹಾಕುತ್ತೀಯ. ಕಾಗದವನ್ನು ಬೇಕಾದರೆ ಹರಿದು ಹಾಕಬಹುದು, ನಡುವೆ ಬಾಯಿ ಹಾಕಲು ಆಗುವುದಿಲ್ಲ.

ಮೂರು ಪತ್ರದಲ್ಲೂ ಇರುವುದು ಒಂದೇ ಪ್ರಶ್ನೆ. "ಅಮ್ಮ ಯಾಕೆ ಫೋನ್ ಎತ್ತಲ್ಲ? ಎತ್ತಿದ್ರೂ ಹೂಂ, ಉಹೂಂ ಅಂತ ಇಟ್ಬಿಡ್ತಾಳೆ. ಅವಳಿಗೆ ಏನು ಮಾಡಿದೀಯಪ್ಪಾ?" ಹೊಡೆದಿಲ್ಲ, ಬೈದಿಲ್ಲ, ಊಟದ ತಟ್ಟೆ ತಳ್ಳಿಲ್ಲ. ಮನೆಗೆ ಬಂದೆ, ನಾನು ಮಾಡಿದ್ದು ಅಷ್ಟೇ. ನಂಬಿಕೆ ಬರದಿದ್ದರೆ ಮೊದಲಿನಿಂದ ಹೇಳುತ್ತೇನೆ. ಮೊದಲು ಎಂದರೆ ನಿನ್ನಿಂದ.

ಎರಡು ವರ್ಷ ನನ್ನ ತಲೆ ತಿಂದವಳು ನೀನು. ಮುದುಕಿಯನ್ನು ಮನೆಯಿಂದ ಓಡಿಸು, ಕರೆಂಟಿನ ಕಾರು ತಗೋ, ಮಾಡಿಗೆ ಸೋಲಾರ್ ಹಾಕಿಸು, ಬಿಸಿಲಿನಲ್ಲೇ ಗಾಡಿ ಓಡಿಸಬಹುದು. ಮುದುಕಿ ಎಂದು ನಮ್ಮ ಹಳೆಯ ಡೀಸೆಲ್ ಕಾರಿಗೆ ಹೆಸರಿಟ್ಟವಳೂ ನೀನೇ. ನಾನು ಮೂವತ್ತೆಂಟು ವರ್ಷ ಡೀಸೆಲ್ ಎಂಜಿನ್ನಿನ ಹೊಟ್ಟೆಗೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಕಿವಿಗೊತ್ತಿ ರೋಗ ಹೇಳಿದವನು. ಪೇಟೆಯವರೆಲ್ಲ ನನ್ನನ್ನು ಕಿವಿ ಡಾಕ್ಟರ್ ಎನ್ನುತ್ತಾರೆ. ಗಾಡಿ ಇನ್ನೂ ತಿರುವಿನಲ್ಲಿ ಇರುವಾಗಲೇ ಇದರ ಎರಡನೇ ನಾಝಲ್ ಕೆಟ್ಟಿದೆ ಎನ್ನುವವನಿಗೆ ಸದ್ದೇ ಇಲ್ಲದ ಗಾಡಿ ಕೊಡಿಸುವುದೆಂದರೆ, ಬಾಣಸಿಗನ ನಾಲಿಗೆ ಕತ್ತರಿಸಿ ದೊಡ್ಡ ಅಡಿಗೆಮನೆ ಕೊಟ್ಟ ಹಾಗೆ. ಕೊನೆಗೆ ಹಳೆಯ ಡೀಸೆಲ್ ಗಾಡಿಗಳು ಪೇಟೆಯೊಳಗೆ ಬರಕೂಡದೆಂದು ನಗರಸಭೆಯವರೇ ಬೋರ್ಡು ನೆಟ್ಟರು. ನೀನು ಗೆದ್ದೆ. ಅಕ್ಟೋಬರಿನಲ್ಲಿ ಮುದುಕಿ ಗುಜರಿಗೆ ಹೋದಳು, ಅವಳ ಜಾಗಕ್ಕೆ ಬಿಳಿಯ ಮೂಕಿ ಬಂದಳು. ಆ ದಿನದ ಫೋಟೋದಲ್ಲಿ ನನ್ನ ಮುಖ ಇಂಗು ತಿಂದ ಮಂಗನ ಹಾಗಿದೆ, ನೀನದನ್ನು ನೆಂಟರಿಗೆಲ್ಲ ಕಳಿಸಿದ್ದೀಯ.

ಗಾಡಿ ತಂದುಕೊಟ್ಟ ಷೋರೂಮಿನವನ ಹತ್ತಿರ ನಿಮ್ಮಮ್ಮ ಕೇಳಿದ್ದು ಒಂದೇ ಮಾತು. "ಇದರ ಸದ್ದು ಸ್ವಲ್ಪ ಜೋರು ಮಾಡಕ್ಕಾಗುತ್ತಾ?" ಅವನು ನಕ್ಕ. ನಿಧಾನವಾಗಿ ಹೋಗುವಾಗ ದಾರಿಹೋಕರಿಗೆ ಗೊತ್ತಾಗಲೆಂದು ಮುಂಭಾಗದಲ್ಲಿ ಒಂದು ಪುಟ್ಟ ಸ್ಪೀಕರ್ ಇದೆ, ಹತ್ತು ಹೆಜ್ಜೆಗೆ ಕೇಳುವಷ್ಟು ಹುಂಯ್ ಎನ್ನುತ್ತದೆ, ಅದಕ್ಕಿಂತ ಜೋರಾಗುವುದಿಲ್ಲ ಎಂದ. ಅವಳ ಮುಖ ಬಾಡಿತು. ನಾನು ಏನೆಂದುಕೊಂಡೆ ಗೊತ್ತೇ? ಪಾಪ, ಮುದುಕಿಯನ್ನು ನೆನೆಸಿಕೊಳ್ಳುತ್ತಿದ್ದಾಳೆ, ನನ್ನ ಹಾಗೆಯೇ.

ಹಾಗೆ ಅಂದುಕೊಳ್ಳಲು ಕಾರಣವಿತ್ತು. ಮೂವತ್ತು ವರ್ಷ ನಾನು ಒಂದು ದಿನವೂ ಗೇಟಿನ ಮುಂದೆ ಹಾರನ್ ಹೊಡೆದವನಲ್ಲ. ನೀರಿನ ಟ್ಯಾಂಕಿನ ತಿರುವಿನಲ್ಲಿ ಮುದುಕಿಯನ್ನು ಎರಡನೇ ಗೇರಿಗೆ ಇಳಿಸಿದರೆ ಸಾಕು, ನಾನು ಮನೆ ಮುಟ್ಟುವ ಹೊತ್ತಿಗೆ ಗೇಟು ತಾನಾಗಿ ತೆರೆದಿರುತ್ತಿತ್ತು. ನಿಮ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಪಕ್ಕದಲ್ಲಿ ನಿಂತಿರುತ್ತಿದ್ದಳು. ಗ್ಯಾರೇಜಿಗೆ ಬಂದವರ ಮುಂದೆಲ್ಲ ಜಂಬ ಕೊಚ್ಚಿದ್ದೇನೆ: ನೋಡ್ರಯ್ಯಾ, ಹೆಂಡತಿ ಅಂದ್ರೆ ಹಂಗಿರ್ಬೇಕು. ಮೂಕಿ ಬಂದ ಮೇಲೆ ಗೇಟು ಮುಚ್ಚಿಯೇ ಇರತೊಡಗಿತು. ನಾನೇ ಇಳಿದು ಚಿಲಕ ತೆಗೆಯಬೇಕು. ಎರಡು ದಿನ ಕೂಗಾಡಿದೆ. ಇದನ್ನು ಅವಳು ನಿನಗೆ ಹೇಳಿರುತ್ತಾಳೆ, ಆಗ ಇನ್ನೂ ನಿಮ್ಮ ಮಾತುಕತೆ ನಡೆಯುತ್ತಿತ್ತಲ್ಲ.

ನವೆಂಬರಿನಲ್ಲಿ ಸೋಲಾರಿನವನು ಬಂದ. ಪ್ಯಾನೆಲ್ಲುಗಳನ್ನು ಆಳೆತ್ತರದ ಕಂಬಗಳ ಮೇಲೆ ಕೂರಿಸಿದರೆ ಕೆಳಗೆ ಓಡಾಡಬಹುದು, ಬಟ್ಟೆ ಒಣಹಾಕಬಹುದು ಎಂದ. ಬೇಡ, ಗಾಳಿಗೆ ಎದ್ದು ಹೋಗುತ್ತದೆ, ತಗ್ಗಿನಲ್ಲೇ ಹಾಕು ಎಂದೆ. ನಿಮ್ಮಮ್ಮ ಮೆಟ್ಟಿಲ ಮೇಲೆ ನಿಂತು, "ರೀ, ಒಂದು ಕುರ್ಚಿ ಹಾಕ್ಕೊಳ್ಳೋಷ್ಟು ಜಾಗ ಬಿಡಿ ಅನ್ನಿ," ಎಂದಳು. ಮಾಡಿ ಮೇಲೆ ಕುರ್ಚಿ ಯಾಕೆ, ಮೇಲೆ ಕೂತು ಊರು ಆಳಬೇಕಾ ಎಂದು ಕೇಳಿದೆ. ಸೋಲಾರಿನವನು ನಕ್ಕ. ನನ್ನ ಮಾತಿಗೆ ಯಾರಾದರೂ ನಕ್ಕರೆ ನನಗೆ ಇನ್ನಷ್ಟು ಹುರುಪು. ಮಾಡಿಯ ತುಂಬ ಪ್ಯಾನೆಲ್ ಹಾಸಿಸಿದೆ. ಅವಳ ಕೆಂಪು ಪ್ಲಾಸ್ಟಿಕ್ ಕುರ್ಚಿ ಮೆಟ್ಟಿಲ ಕೆಳಗೆ ಪೊರಕೆಯ ಜೊತೆ ಸೇರಿತು. ಮಧ್ಯಾಹ್ನಗಳಲ್ಲಿ ಅವಳು ಆ ಕುರ್ಚಿಯಲ್ಲಿ ಕೂತು ನಿನ್ನ ಜೊತೆ ಮಾತಾಡುತ್ತಿದ್ದಳು ಎನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಜಾಗ ಬಿಡುತ್ತಿದ್ದೆನೇ? ಸುಳ್ಳು ಹೇಳುವುದಿಲ್ಲ, ಬಿಡುತ್ತಿರಲಿಲ್ಲ.

ಬೇಡ ಬೇಡ ಎಂದವನಿಗೇ ಆಮೇಲೆ ಸೋಲಾರಿನ ಹುಚ್ಚು ಹಿಡಿಯಿತು, ಅದೂ ನಿಜ. ಮನೆಯಲ್ಲಿ ಎಷ್ಟು ಕರೆಂಟು ಹುಟ್ಟಿತು, ಎಷ್ಟು ಖರ್ಚಾಯಿತು ಎಂದು ಮೊಬೈಲಿನಲ್ಲಿ ಗೆರೆಯಾಗಿ ಕಾಣುತ್ತದೆ. ಗ್ಯಾರೇಜಿನಲ್ಲಿ ಈಗ ನಾನು, ನನ್ನ ಕಂಪ್ರೆಸರು, ಇಬ್ಬರೇ. ಕರೆಂಟಿನ ಗಾಡಿಯವರು ನನ್ನ ಹತ್ತಿರ ಬಂದು ಏನು ಮಾಡಿಸಿಕೊಳ್ಳುತ್ತಾರೆ? ಹಾಗಾಗಿ ಆ ಗೆರೆಯನ್ನೇ ನೋಡುತ್ತಾ ಕೂರುತ್ತಿದ್ದೆ. ಎಂಜಿನ್ನಿನ ಸದ್ದು ಕೇಳಿದ ಹಾಗೆಯೇ ಅದು. ಈ ಏರು ಮಿಕ್ಸಿ, ಈ ಏರು ಇಸ್ತ್ರಿ, ನಾಲ್ಕು ಗಂಟೆಯ ಈ ಸಣ್ಣ ಉಬ್ಬು ಟಿವಿ. ಮನೆಗೆ ಬಂದು, ಇಸ್ತ್ರಿಯನ್ನು ಬಿಸಿಲಿರುವಾಗಲೇ ಮಾಡಬಾರದಿತ್ತಾ, ಮೋಡ ಬಂದ ಮೇಲೆ ಯಾಕೆ ಹಿಡಿದೆ ಎಂದು ಕೇಳುತ್ತಿದ್ದೆ. "ನಿಮಗೆ ಹೆಂಗೆ ಗೊತ್ತಾಯ್ತು?" ಎಂದು ಅವಳು ಬೆರಗಾದರೆ, ಕಿವಿ ಡಾಕ್ಟರಿಗೆ ಗೊತ್ತಾಗದ್ದು ಏನಿದೆಯೇ ಎನ್ನುತ್ತಿದ್ದೆ.

ಇನ್ನು ಆ ಬುಧವಾರ. ಜನವರಿ. ಕೆಲಸವಿಲ್ಲದೆ ನಾಲ್ಕಕ್ಕೇ ಹೊರಟೆ. ಸಿಲಿಂಡರಿನವನು ಗೇಟು ಮುಚ್ಚದೆ ಹೋಗಿದ್ದ, ಹಾಗಾಗಿ ಇಳಿಯದೆ ನೇರ ಷೆಡ್ಡಿನೊಳಗೆ ಬಂದೆ. ನಡುಮನೆಯ ಟಿವಿಯ ಅಬ್ಬರದಲ್ಲಿ ಗಾಡಿಯ ಹುಂಯ್ ಒಳಗೆ ಯಾರಿಗೂ ಕೇಳಿಸಲಿಲ್ಲ. ಷೆಡ್ಡಿಗೆ ತಾಗಿಕೊಂಡೇ ಅಡಿಗೆಮನೆಯ ಕಿಟಕಿ ಇದೆಯಲ್ಲ, ಅದರಿಂದ ಒಬ್ಬ ಹೆಂಗಸು ನಗುವುದು ಕೇಳಿಸಿತು. ಯಾರೋ ಅಕ್ಕಪಕ್ಕದವಳು ಬಂದಿದ್ದಾಳೆ ಎಂದುಕೊಂಡೆ. ಆಮೇಲೆ ನನ್ನದೇ ದನಿ ಕೇಳಿಸಿತು. "ಯಾರೇ ಮುಟ್ಟಿದ್ದು? ನನ್ನ ಹದಿಮೂರರ ಸ್ಪ್ಯಾನರ್ ಎಲ್ಲೇ?" ಫೋನಿನ ಸ್ಪೀಕರಿನಲ್ಲಿ ನೀನು. ಚೆನ್ನಾಗಿ ಮಾಡುತ್ತೀಯ. ಬೈಯುವ ಮೊದಲು ನಾನು ಗಂಟಲು ಕೆರೆಯುವುದನ್ನೂ ಬಿಟ್ಟಿಲ್ಲ. ಆದರೆ ಅದು ಹದಿನಾಲ್ಕರ ಸ್ಪ್ಯಾನರ್, ಮುಂದೆ ತಿದ್ದಿಕೋ.

ಮುಂದಿನ ಮಾತುಗಳನ್ನು ನೀನು ಮರೆತಿರಬಹುದು. ನಾನು ಮರೆತಿಲ್ಲ.

"ಪ್ಯಾನೆಲ್‌ಗೆ ಎಷ್ಟು ವರ್ಷ ಗ್ಯಾರಂಟಿ ಅಮ್ಮಾ?"

"ಇಪ್ಪತ್ತೈದಂತೆ ಕಣೇ."

"ಮತ್ತೆ ಅಪ್ಪಂಗೆ?"

"ನಿಮ್ಮಪ್ಪಂದು ಗ್ಯಾರಂಟಿ ಯಾವಾಗ್ಲೋ ಮುಗೀತು. ಆದ್ರೂ ನೋಡು, ಗಾಡಿ ಓಡ್ತಾನೇ ಇದೆ!"

ಇಬ್ಬರೂ ಬಿದ್ದು ಬಿದ್ದು ನಕ್ಕಿರಿ. ನಗು ಮುಗಿದ ಮೇಲೆ ಅವಳು ಮೆಲ್ಲಗೆ, ತುಂಬ ಮೆಲ್ಲಗೆ ಹೇಳಿದಳು. "ಅದು ನಿಂತ ಮೇಲೆ ನಿನ್ನ ಹತ್ರ ಬರ್ತೀನಿ ಕಣೇ. ಬಂದು ಒಂದು ವರ್ಷ ಬರೀ ಮಾತಾಡ್ತೀನಿ." ನೀನು ಬೇಡಮ್ಮ, ಹಾಗೆಲ್ಲ ಹೇಳಬೇಡ ಎಂದಾದರೂ ಅನ್ನುತ್ತೀಯೇನೋ ಎಂದು ಕಾದೆ. "ಇಡ್ತೀನಿ ಇರು, ಅವರು ಬರೋ ಹೊತ್ತಾಯ್ತು," ಎಂದಳು ಅವಳು. "ಮೊದಲಾದ್ರೆ ಟ್ಯಾಂಕ್ ಹತ್ರಾನೇ ಸದ್ದು ಕೇಳ್ತಿತ್ತು. ಫೋನ್ ಇಟ್ಟು, ಟಿವಿ ಆರಿಸಿ, ಮುಖ ಸರಿ ಮಾಡ್ಕೊಂಡು ಗೇಟ್ ತೆಗೆಯೋಕೆ ಟೈಮ್ ಸಿಗ್ತಿತ್ತು. ಈಗ ಜೀವ ಕೈಲಿ ಹಿಡ್ಕೊಂಡು ಮಾತಾಡ್ಬೇಕು."

ಗೇಟು ತಾನಾಗಿ ತೆರೆಯುತ್ತಿದ್ದುದರ ಗುಟ್ಟು ಇದು. ಮೂವತ್ತು ವರ್ಷ ನಾನು ಕೊರಳಿಗೆ ಗಂಟೆ ಕಟ್ಟಿಕೊಂಡು ಓಡಾಡಿದ ಬೆಕ್ಕು, ಆ ಗಂಟೆಯನ್ನು ಬಿಚ್ಚಿದವಳು ನೀನು.

ನಾನು ಒಳಗೆ ಹೋಗಲಿಲ್ಲ. ಅವಳು ಟಿವಿ ಆರಿಸಲು ಆಚೆ ಹೋದಾಗ ಗಾಡಿಯನ್ನು ಹಾಗೆಯೇ ಹಿಂದಕ್ಕೆ ತೆಗೆದು, ಟ್ಯಾಂಕನ್ನು ಒಂದು ಸುತ್ತು ಹಾಕಿ ಬಂದು ಹಾರನ್ ಹೊಡೆದೆ. ಅವಳು ಸರಿಮಾಡಿಕೊಂಡ ಮುಖದಲ್ಲಿ ಬಂದು ಗೇಟು ತೆಗೆದಳು. ಇಂಥ ಮಾತು ಕೇಳಿಸಿಕೊಂಡ ಬೇರೆ ಗಂಡಸು ಕೂಗಾಡುತ್ತಿದ್ದ, ಅಥವಾ ಅಳುತ್ತಿದ್ದ. ನಾನು ಮೆಕ್ಯಾನಿಕ್. ಮರುದಿನ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಆ ಪುಟ್ಟ ಸ್ಪೀಕರಿನ ವಯರು ಕಿತ್ತೆ. ಹುಂಯ್ ಎನ್ನುವುದೂ ನಿಂತಿತು. ಆಮೇಲೆ ದಿನವೂ ಟ್ಯಾಂಕಿನ ಹತ್ತಿರ ಇಳಿದು ನಡೆದುಹೋಗಿ ಗೇಟು ತೆಗೆದಿಟ್ಟು, ವಾಪಸು ಬಂದು ಗಾಡಿ ಹತ್ತಿ ಷೆಡ್ಡಿಗೆ ತರುತ್ತಿದ್ದೆ. ಗಾಜು ಇಳಿಸಿ ಕೂತು ಕೇಳುತ್ತಿದ್ದೆ. ಅರ್ಧ ಗಂಟೆ, ಒಮ್ಮೊಮ್ಮೆ ಒಂದು ಗಂಟೆ. ರೋಗ ಪೂರ್ತಿ ತಿಳಿಯದೆ ಎಂಜಿನ್ ಬಿಚ್ಚಬಾರದು ಎಂದು ನನಗೆ ನಾನೇ ಹೇಳಿಕೊಂಡೆ.

ಹನ್ನೆರಡನೆಯ ದಿನ ಅವಳು ಚಹಾದ ಚರಟ ಚೆಲ್ಲಲು ಕಿಟಕಿಯಿಂದ ಕೈ ಹೊರಹಾಕಿದಳು. ಅದು ನನ್ನ ಮುಂದಿನ ಗಾಜಿನ ಮೇಲೆ ಬಿತ್ತು. ಅವಳು ಬಗ್ಗಿ ನೋಡಿದಳು, ನಾನೂ ನೋಡಿದೆ. ಇನ್ನೊಂದು ಕೈಯಲ್ಲಿ ಫೋನಿತ್ತು, ಅದರೊಳಗೆ ನೀನು ಇನ್ನೂ ನನ್ನ ಹಾಗೆ ಕೆಮ್ಮುತ್ತಿದ್ದೆ. "ಆಮೇಲೆ ಮಾಡ್ತೀನಿ," ಎಂದು ಇಟ್ಟಳು. ನೀನು ಕೇಳಿದ ಅವಳ ಕೊನೆಯ ನಗು ಅದಕ್ಕೆ ಒಂದು ಕ್ಷಣ ಮುಂಚಿನದು.

"ಎಷ್ಟು ದಿನದಿಂದ?" ಎಂದಳು.

"ಹನ್ನೆರಡು," ಎಂದೆ. ಅಲ್ಲಿಗೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಮೊಬೈಲ್ ತೆಗೆದು ಆ ಗೆರೆಯನ್ನು ತೋರಿಸಿದೆ. "ನಾಲ್ಕು ಗಂಟೆಗೆ ನೀನು ಟಿವಿ ಹಾಕೋದೂ ಕಾಣುತ್ತೆ ನೋಡು ಇಲ್ಲಿ."

ಅವಳು ನೋಡಿದಳು. ಕನ್ನಡಕ ಹಾಕಿಕೊಂಡು ಬಂದು ಮತ್ತೆ ನೋಡಿದಳು. ಅವತ್ತಿನಿಂದ ಟಿವಿ ಇಲ್ಲ, ಫ್ಯಾನ್ ಇಲ್ಲ, ಮಿಕ್ಸಿ ಇಲ್ಲ. ಚಟ್ನಿಯನ್ನು ಕಲ್ಲಿನಲ್ಲಿ ಅರೆಯುತ್ತಾಳೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಹೊತ್ತಿಗೆ ಸರಿಯಾಗಿ ಬಡಿಸುತ್ತಾಳೆ, ನನ್ನ ಮಾತ್ರೆಗಳನ್ನು ಎಣಿಸಿ ಕೊಡುತ್ತಾಳೆ. ಗೆರೆ ಈಗ ನೆಲಕ್ಕಂಟಿಕೊಂಡು ನೆಟ್ಟಗೆ ಹೋಗುತ್ತಿದೆ. ಕರೆಂಟು ಮಿಗುತ್ತಿದೆ ಮಗಳೇ, ನೀನು ಹೇಳಿದ್ದಕ್ಕಿಂತ ಹೆಚ್ಚೇ ಮಿಗುತ್ತಿದೆ. ನಮ್ಮ ಮನೆಯ ಬಿಸಿಲೆಲ್ಲ ತಂತಿ ಹಿಡಿದು ಬೇರೆಯವರ ಮನೆಗೆ ಹೋಗುತ್ತಿದೆ.

ನಿನ್ನ ಪ್ರಶ್ನೆಗೆ ಉತ್ತರ ಇದು. ತಪ್ಪು ಯಾರದು ಎಂದು ನೀನು ಈಗಾಗಲೇ ತೀರ್ಮಾನಿಸಿರುತ್ತೀಯ. ನಾನೂ ತೀರ್ಮಾನಿಸಿದ್ದೇನೆ, ಆದರೆ ಅದನ್ನು ಬರೆದುಕೊಡುವ ವಯಸ್ಸು ನನ್ನದಲ್ಲ. ಅಳಿಯಂದಿರಿಗೆ ಕೇಳಿದೆನೆಂದು ತಿಳಿಸು. ನಿನ್ನ ಸಂಸಾರ ತಣ್ಣಗಿರಲಿ, ಗಂಡ ಗೇಟಿನ ಹತ್ತಿರ ಬಂದಾಗಲೂ ನಿನ್ನ ಬಾಯಿಂದ ಹೊರಟ ಮಾತು ಅರ್ಧಕ್ಕೆ ನಿಲ್ಲದಿರಲಿ. ಇಷ್ಟು ಹರಸುತ್ತೇನೆ.

ಇಂತಿ,
ಗ್ಯಾರಂಟಿ ಮುಗಿದ
ನಿನ್ನಪ್ಪ

ಮರೆತದ್ದು: ಹೋದ ವಾರ ಗುಜರಿಯವನ ಹತ್ತಿರ ಹೋಗಿದ್ದೆ. ಮುದುಕಿಯನ್ನು ವಾಪಸು ಕೊಡು ಎಂದೆ. ಅವನು ಅವಳನ್ನು ಎಂದೋ ತುಂಡು ಮಾಡಿದ್ದ, ಹಾರನ್ ಒಂದೇ ಸಿಕ್ಕಿತು. ತಂದು ಮೂಕಿಗೆ ಜೋಡಿಸಿದ್ದೇನೆ. ದಿನವೂ ಟ್ಯಾಂಕಿನ ತಿರುವಿನಲ್ಲಿ ನಿಂತು ಮೂರು ಸಲ ಹೊಡೆಯುತ್ತೇನೆ, ಹತ್ತು ನಿಮಿಷ ಅಲ್ಲೇ ಕಾದು ಆಮೇಲೆ ಬರುತ್ತೇನೆ. ಗೇಟು ತೆರೆದಿರುತ್ತದೆ. ಆದರೆ ಆ ಹತ್ತು ನಿಮಿಷವೂ ಅವಳು ಗೇಟಿನ ಪಕ್ಕದಲ್ಲೇ ನಿಂತಿರುತ್ತಾಳಂತೆ, ಎದುರುಮನೆಯಾಕೆ ಹೇಳಿದಳು. ಇದೂ ತನ್ನನ್ನು ಹಿಡಿಯುವ ನನ್ನ ಹೊಸ ಉಪಾಯ ಎಂದು ನಿಮ್ಮಮ್ಮ ಅಂದುಕೊಂಡಿದ್ದಾಳೆ. ಹಾಗಂದುಕೊಂಡರೆ ಅವಳ ತಪ್ಪೇನಿದೆ?

ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆ ಬುಧವಾರದ ನಂತರದ ಹನ್ನೊಂದು ದಿನ ನಾನು ರೋಗ ತಿಳಿಯಲು ಕೂತಿರಲಿಲ್ಲ. ಮೊದಲ ದಿನ ಆ ನಗು ಯಾರದೆಂದು ಗೊತ್ತಾಗುವ ಮುಂಚೆಯೇ ಅದು ನನಗೆ ಇಷ್ಟವಾಗಿಬಿಟ್ಟಿತ್ತು. ಎಂಥ ಗಂಡನ ಪುಣ್ಯವೋ, ಇಂಥ ನಗುವಿನ ಹೆಂಡತಿ ಸಿಕ್ಕಿದ್ದಾಳೆ ಎಂದುಕೊಂಡಿದ್ದೆ. ಮೂರು ಮನೆಯಾಚೆಯ ಎಂಜಿನ್ನಿನ ರೋಗ ಹೇಳುವವನಿಗೆ ಹೆಂಡತಿಯ ನಗು ಗುರುತು ಸಿಗಲಿಲ್ಲ, ಯಾಕೆಂದರೆ ಅದನ್ನು ನಾನು ಕೇಳಿಯೇ ಇರಲಿಲ್ಲ. ಇನ್ನೊಮ್ಮೆ ಕೇಳಬೇಕೆಂದು ಹೋಗುತ್ತಿದ್ದೆ. ನನ್ನನ್ನೇ ಆಡಿಕೊಂಡು ನಕ್ಕರೂ ಚಿಂತೆಯಿರಲಿಲ್ಲ.

ನಿನ್ನೆ ಸಂಜೆ ತಡೆಯಲಾಗಲಿಲ್ಲ. ಅವಳು ಬಟ್ಟೆ ಮಡಚುತ್ತಿದ್ದಳು. ಎದುರು ಕೂತು, "ಒಂದ್ಸಲ ನಗೇ," ಎಂದೆ. ಬೇಡುತ್ತಿದ್ದೇನೆ ಎಂದುಕೊಂಡಿದ್ದೆ, ಬಾಯಿಂದ ಬರುವಾಗ ಅದು ಅಪ್ಪಣೆಯ ಹಾಗೆ ಬಂತು. ಅವಳು ಮಡಚುತ್ತಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟು, ನನ್ನ ಕಡೆ ತಿರುಗಿ ನೆಟ್ಟಗೆ ಕೂತು ಕೇಳಿದಳು:

"ಎಷ್ಟು ಹೊತ್ತು ನಗ್ಬೇಕ್ರೀ?"